ಗ್ಯಾಸಿಗೆ ನನ್ನ ಹೆಸರು

ನನಗೂ ಒಂದು ಹೆಸರಿದೆ. ಪಂಚಾಕ್ಷರಪ್ಪ. ಸ್ವಾಮಿಗಳನ್ನು ಕರೆಸಿ, ತೊಟ್ಟಿಲು ಕಟ್ಟಿಸಿ, ಓಣಿಗೆಲ್ಲ ಸಕ್ಕರೆ ಹಂಚಿ ಇಟ್ಟ ಹೆಸರು. ಇಟ್ಟವರು ಇಟ್ಟು ಹೋದರು, ಕರೆಯುವವರು ಮಾತ್ರ ಹುಟ್ಟಲಿಲ್ಲ. ಅವ್ವನಿಗೆ ನಾನು 'ತಮ್ಮಾ'. ಮಗಳು ಗಿರಿಜೆಗೆ 'ಅಪ್ಪಾ'. ಹೆಂಡತಿ ರಾಜೇಶ್ವರಮ್ಮನಿಗೆ 'ಏನ್ರೀ' (ಸಿಟ್ಟು ಬಂದಾಗ 'ರೀ' ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ ವ್ಯತ್ಯಾಸ). ಶಿಕಾರಿಪುರದ ಪೇಟೆಯಲ್ಲಿರುವ ನನ್ನ ಕಿರಾಣಿ ಅಂಗಡಿಗೂ ನಮ್ಮಪ್ಪನ ಹೆಸರೇ ಗಟ್ಟಿ. ಅವರು ಲಿಂಗೈಕ್ಯರಾಗಿ ಎಷ್ಟೋ ಕಾಲವಾಯಿತು. ಆದರೂ ಜನ ನನ್ನ ಮುಖವನ್ನೇ ನೋಡುತ್ತ, "ಪರಮಶಿವಪ್ಪನ ಅಂಗಡ್ಯಾಗೆ ಬೆಲ್ಲ ಚಲೋ ಐತಿ" ಎನ್ನುತ್ತಾರೆ. ಇಂಥ ಅನಾಮಧೇಯ ಸ್ಥಿತಿಯಲ್ಲಿ ಒಬ್ಬ ಗಂಡಸು ಎಷ್ಟು ದಿನ ಬದುಕಬೇಕು, ನೀವೇ ಹೇಳಿ.

ಐವತ್ತೊಂಬತ್ತನೇ ಇಸವಿಯಲ್ಲಿ ಬೊಂಬಾಯಿಗೆ ಹೋದಾಗ ನನ್ನ ಹಣೆಬರಹ ಬದಲಾಯಿತು ಅಂದುಕೊಂಡೆ. ಅಲ್ಲಿ ವ್ಯಾಪಾರಕ್ಕೆ ನಿಂತಿದ್ದ ಗೆಳೆಯ ಆನಂದಪ್ಪನ ಮನೆಯಲ್ಲಿ ಕಬ್ಬಿಣದ ಒಂದು ಹಂಡೆ, ಅದಕ್ಕೊಂದು ರಬ್ಬರು ಕೊಳವೆ, ಕೊಳವೆಯ ತುದಿಗೆ ಒಂದು ಪುಟ್ಟ ಒಲೆ. ಅವನ ಹೆಂಡತಿ ಒಲೆಯ ಕಿವಿ ಹಿಂಡಿ ಕಡ್ಡಿ ಗೀರಿದರೆ ಭಗ್ ಎಂದು ನೀಲಿ ಉರಿ! ಸೌದೆ ಇಲ್ಲ, ಊದುಗೊಳವೆ ಇಲ್ಲ, ಕಣ್ಣೀರಿಲ್ಲ. ನಾನು ಕಾಫಿ ಕುಡಿಯುವುದನ್ನೂ ಮರೆತು ನೋಡುತ್ತ ನಿಂತೆ.

ಅದನ್ನು ತುಂಬಿ ಕಳಿಸುವ ವ್ಯಾಪಾರಿಯೊಬ್ಬ ಆನಂದಪ್ಪನಿಗೆ ಪರಿಚಯ. ಅವನು ಹೇಳಿದ ಮಾತು ನನ್ನ ಕಿವಿಗೆ ಓಂಕಾರದ ಹಾಗೆ ಕೇಳಿಸಿತು: "ಹಂಡೆ ನಮ್ಮದು, ಗ್ಯಾಸೂ ನಮ್ಮದು. ಹೆಸರು ಮಾತ್ರ ನಿಮಗೆ ಬೇಕಾದ್ದು ಹಚ್ಚಿಕೊಳ್ಳಿ. ಆದರೆ ಮೊದಲು ಟ್ರೇಡ್ ಮಾರ್ಕು ರಿಜಿಸ್ಟರು ಮಾಡಿಸಿಕೊಳ್ಳಿ, ಇಲ್ಲದಿದ್ದರೆ ನಾಳೆ ಬೇರೆಯವರು ಎಗರಿಸುತ್ತಾರೆ."

ಯಾವ ಹೆಸರು ಎಂದು ಯೋಚಿಸಲು ನನಗೆ ಕ್ಷಣವೂ ಬೇಕಾಗಲಿಲ್ಲ. ಇನ್ನು ಮುಂದೆ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಅಡುಗೆಮನೆಗಳಲ್ಲಿ ಹೆಣ್ಣುಮಕ್ಕಳು ಬೆಳಗಾದರೆ ನನ್ನ ಹೆಸರು ಹೇಳಿ ಒಲೆ ಹಚ್ಚಬೇಕು! ರೈಲಿನಲ್ಲಿ ಬರುವಾಗಲೇ ಹಂಡೆಗೆ ಅಂಟಿಸುವ ಚೀಟಿಯ ಚಿತ್ರವನ್ನೂ ಬರೆದುಕೊಂಡೆ. ಐದು ನಾಲಿಗೆಯ ನೀಲಿ ಜ್ವಾಲೆ, ಅದರ ಸುತ್ತ ಕಮಾನಿನ ಹಾಗೆ 'ಪಂಚಾಕ್ಷರಪ್ಪ ಗ್ಯಾಸ್'.

ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು.

"ಏನ್ರೀ, ತಲೆ ಸರಿ ಐತಾ ನಿಮ್ದು?"

"ಯಾಕೆ, ಚೆಂದ ಇಲ್ವಾ?"

"ಚೆಂದ ಇಲ್ದೇ ಏನು! ಆದ್ರೆ ನಾನು ಇದನ್ನ ಏನಂತ ಕರೀಲಿ? ಕಟ್ಟಿಕೊಂಡೋಳು ಗಂಡನ ಹೆಸರು ಬಾಯಾಗೆ ತರೋದುಂಟಾ?"

"ನೀನ್ಯಾಕೆ ಕರೀಬೇಕು? ಗಿರಾಕಿಗಳು ಕರೀತಾರೆ."

"ಗಿರಾಕಿಗಳು ಬಾಗಿಲಿಗೆ ಬಂದು, 'ನಿಮ್ಮ ಇಂಥವರು ತೀರಿಹೋದ್ರು, ಬೇರೆ ಕೊಡಿ' ಅಂತಾರೆ! ನಾನು ಕುಂಕುಮ ಇಟ್ಕೊಂಡು ಅದನ್ನ ಕೇಳಿಸ್ಕೋಬೇಕಾ?"

ವ್ಯಾಪಾರದ ಸೂಕ್ಷ್ಮಗಳು ಹೆಂಗಸರಿಗೆ ತಿಳಿಯುವುದಿಲ್ಲ ಎಂದು ದೊಡ್ಡ ಮನಸ್ಸು ಮಾಡಿ ಸುಮ್ಮನಾದೆ. (ಈ ದೊಡ್ಡ ಮನಸ್ಸಿನ ಫಲವನ್ನು ಮುಂದೆ ನೋಡುವಿರಂತೆ.)

ಶಿವಮೊಗ್ಗದವರೆಗೆ ರೈಲಿನಲ್ಲೂ ಅಲ್ಲಿಂದ ಲಾರಿಯಲ್ಲೂ ಹಂಡೆಗಳು ಬಂದಿಳಿದವು (ಮಾರ್ಕು ಇನ್ನೂ ಸಿಗದ್ದರಿಂದ ಚೀಟಿ ಹಚ್ಚಿರಲಿಲ್ಲ). ಮೊದಲ ಒಲೆ ಹಚ್ಚುವ ದಿನ ಅವ್ವ ಬಸವಣ್ಣೆಮ್ಮ ವಿಭೂತಿ ಕೊಟ್ಟು, ಮೊಮ್ಮಗಳನ್ನು ಎತ್ತಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತಳು. ಓಣಿಯ ಜನವೆಲ್ಲ ಅವಳ ಹಿಂದೆ ನಿಂತರು. ನಾನು ಶೂರನಂತೆ ಮೊದಲು ಕಿವಿ ಹಿಂಡಿ, ಆಮೇಲೆ ಕಡ್ಡಿಪೆಟ್ಟಿಗೆ ಹುಡುಕಿದೆ. ಕಡ್ಡಿ ಗೀರುವ ಹೊತ್ತಿಗೆ ಒಳಗೆ ಸಾಕಷ್ಟು ಗ್ಯಾಸು ಸೇರಿತ್ತು. ಎಡಗಡೆಯ ಹುಬ್ಬು ಆ ದಿನವೇ ನನ್ನನ್ನು ಬಿಟ್ಟುಹೋಯಿತು. ರಾಜೇಶ್ವರಮ್ಮ ನನ್ನನ್ನು ಬದಿಗೆ ತಳ್ಳಿ, ಮೊದಲು ಕಡ್ಡಿ ಗೀರಿ, ಆಮೇಲೆ ಕಿವಿ ತಿರುಗಿಸಿದಳು. ಹಾಲು ಉಕ್ಕಿತು, ಓಣಿಯ ಜನ ಚಪ್ಪಾಳೆ ಹೊಡೆದರು. ಅಂದಿನಿಂದ ಗ್ಯಾಸು ಹೇಗೆಂದು ಕೇಳಲು ಬಂದ ಹೆಂಗಸರೆಲ್ಲ ಅಂಗಡಿಯಲ್ಲಿ ಕೂತ ನನ್ನನ್ನು ದಾಟಿ ಸೀದಾ ಒಳಗೆ ಅವಳ ಹತ್ತಿರವೇ ಹೋಗುತ್ತಿದ್ದರು. ಒಂದು ಹಂಡೆ ಅವಳ ತವರಾದ ಸೊರಬಕ್ಕೂ ಹೋಯಿತು. ಅಲ್ಲಿ ನಮ್ಮತ್ತೆ ಮಹಾದೇವಮ್ಮನವರು ಹಚ್ಚಿದ್ದನ್ನು ನೋಡಿ ಪಕ್ಕದ ಮನೆಯ ಲೋಕಮ್ಮನೂ ಒಂದು ತರಿಸಿಕೊಂಡಳು.

ಇತ್ತ ಟ್ರೇಡ್ ಮಾರ್ಕಿನ ಅರ್ಜಿಯನ್ನು ಸೊರಬದ ವಕೀಲ ಗಣಪಯ್ಯನವರ ಕೈಯಲ್ಲಿ ಬರೆಸಿ ಬೊಂಬಾಯಿಗೆ ಕಳಿಸಿದ್ದೆ. ಉತ್ತರ ಬಂದದ್ದೇ ಅವರು ಹೇಳಿಕಳಿಸಿದರು. ಬಸ್ಸು ಹತ್ತಿ ಓಡಿದೆ.

"ಒಂದು ತಕರಾರು ಬಂತು ಮಾರಾಯ್ರೆ," ಎಂದರು ಗಣಪಯ್ಯ, ಎಲೆಗೆ ಸುಣ್ಣ ಹಚ್ಚುತ್ತ. "ಪಂಚಾಕ್ಷರಪ್ಪ ಅಂಬದು ಮನುಷ್ಯನ ಹೆಸರು. ಊರಿಗೆ ನಾಲ್ಕು ಜನ ಇರ್ತಾರೆ. ಬರೇ ಹೆಸರನ್ನ ಒಬ್ಬರಿಗೇ ಬರೆದುಕೊಡೂದು ಹೇಗೆ ಅಂತ ಕೇಳ್ತಾರೆ."

"ಹಾಗಾದರೆ ನನ್ನ ಹೆಸರು ನನಗೆ ಸಿಗೋದಿಲ್ವಾ?" ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

"ಸಿಗ್ತದೆ, ದಾರಿ ಉಂಟು. ಈ ಗ್ಯಾಸನ್ನ ಬಳಸೋರು ಇದೇ ಹೆಸರಲ್ಲಿ ಗುರುತಿಸ್ತಾರೆ ಅಂತ ತೋರಿಸಿದರೆ ಆಯ್ತು. ಅಡುಗೆ ಮಾಡೋ ಹೆಂಗಸರು ಇಲ್ಲಿಯ ತಹಸೀಲ್ದಾರರ ಮುಂದೆ ಪ್ರಮಾಣ ಮಾಡಿ, ಬಾಯಿಬಿಟ್ಟು ಹೆಸರು ಹೇಳಲಿ. ಅದನ್ನ ಬರೆಸಿ ಕಳಿಸ್ತೆ. ಎಂತ ಕಷ್ಟ?"

ಎಂತ ಕಷ್ಟ! ಕಚೇರಿಯ ಮೆಟ್ಟಿಲು ಹತ್ತಿಸಬಹುದಾದ ಮೂವರೇ ಸಾಕ್ಷಿಗಳು ನನ್ನ ಕಣ್ಣ ಮುಂದೆ ಸಾಲಾಗಿ ಬಾಯಿ ಮುಚ್ಚಿಕೊಂಡು ನಿಂತರು. ಹೆಂಡತಿ ಹೇಳುವ ಹಾಗಿಲ್ಲ. ಅತ್ತೆಯವರನ್ನು ಕೇಳಿದರೆ, "ಶಿವನೇ! ಅಳಿಯಂದಿರ ಹೆಸರು ಹಿಡಿದು ಕರೆಯೋಕೆ ನಾನೇನು ಕುಲಗೆಟ್ಟೋಳಾ?" ಎಂದು ಕೆನ್ನೆ ಬಡಿದುಕೊಂಡರು. ಉಳಿದವಳು ಲೋಕಮ್ಮ. ಅವಳು ಸೆರಗು ಬಾಯಿಗಿಟ್ಟುಕೊಂಡು ನಾಚಿ ನೀರಾದಳು.

"ನಿನಗೇನಮ್ಮ ನಾಚಿಕೆ? ನಾನು ನಿನ್ನ ಗಂಡ ಅಲ್ಲವಲ್ಲ!"

"ನಮ್ಮನೆಯವರ ಹೆಸರೂ ಅದೇ ಅಲ್ವಾ," ಎಂದಳು ಲೋಕಮ್ಮ, ಗೋಡೆಯ ಕಡೆ ತಿರುಗಿ.

ಊರಿಗೆ ನಾಲ್ಕು ಜನ ಎಂದಿದ್ದರಲ್ಲ, ಅದರಲ್ಲೊಬ್ಬ ಪಕ್ಕದ ಮನೆಯಲ್ಲೇ ಇದ್ದ.

ಆದರೆ ನಾನು ಸೋಲುವ ಜಾತಿಯವನಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ಅರ್ಧ ದಾರಿ ಕಳೆಯುವಷ್ಟರಲ್ಲಿ ನನಗೆ ಜ್ಞಾನೋದಯವಾಯಿತು. ಒಡಪು! ಮದುವೆಯಲ್ಲಿ, ಸೀಮಂತದಲ್ಲಿ ನಮ್ಮ ಹೆಂಗಸರು ಬಾಗಿಲು ತಡೆದು, 'ಹೆಸರು ಹೇಳು, ಆಮೇಲೆ ಒಳಗೆ ಹೋಗು' ಎಂದಾಗ ಎಂಥ ಪತಿವ್ರತೆಯೂ ಒಂದು ಪದ ಕಟ್ಟಿ, ಅದರ ತುದಿಗೆ ಗಂಡನ ಹೆಸರು ಸೇರಿಸಿ ಹೇಳುವುದಿಲ್ಲವೇ? ಅದಕ್ಕೆ ದೋಷವಿಲ್ಲ, ಮೇಲಾಗಿ ಶೋಭೆ. ಆ ಸಂಜೆಯೇ ಪದ ಕಟ್ಟಿದೆ. ಕಟ್ಟಿದ್ದನ್ನು ಹೆಂಡತಿಗೆ ಒಪ್ಪಿಸಿದೆ:

"ಹಾಲಿಗೆ ಕೆನೆ ಚೆಂದ, ಹೋಳಿಗೆಗೆ ತುಪ್ಪ,
ಹೊಗೆಯಿಲ್ಲದ ಒಲೆ ತಂದೋರು ಪಂಚಾಕ್ಷರಪ್ಪ!"

"ತಹಸೀಲ್ದಾರ್ರು 'ಗ್ಯಾಸಿನ ಹೆಸರೇನು' ಅಂದ ಕೂಡಲೇ ಇದನ್ನ ಹೇಳಿಬಿಡು, ಮಾರಾಯ್ತಿ. ನಿನ್ನ ವ್ರತವೂ ಕೆಡೋದಿಲ್ಲ, ನನ್ನ ಮಾರ್ಕೂ ಕೆಡೋದಿಲ್ಲ."

ಅವಳು ಸ್ವಲ್ಪ ಹೊತ್ತು ತುಟಿಯಲ್ಲೇ ಗುನುಗಿದಳು. ಮುಖ ಅರಳಿತು. "ಪದ ಚೆಂದ ಕಟ್ಟೀರಿ. ಆದ್ರೆ ಯಾರಾದ್ರೂ ಬಾಗಿಲು ತಡೀಬೇಕು. ಸುಮ್ ಸುಮ್ನೆ ನಿಂತು ಹೆಸರು ಹೇಳೋಕೆ ನನಗೆ ಬಾಯಿ ಬರೋದಿಲ್ಲ."

ಹೀಗಾಗಿ ಆ ದಿನ ಸೊರಬದ ತಾಲ್ಲೂಕು ಕಚೇರಿಯಲ್ಲಿ, ತಹಸೀಲ್ದಾರರ ಕೋಣೆಯ ಬಾಗಿಲಿಗೆ ನಮ್ಮತ್ತೆ ಒಂದು ಕಡೆ, ಲೋಕಮ್ಮ ಒಂದು ಕಡೆ ಕೈ ಅಡ್ಡ ಹಿಡಿದು ನಿಂತರು. ಒಳಗಿದ್ದ ಶಿರಸ್ತೇದಾರರಿಗೆ ಹೊರಗೆ ಬರಲಾಗಲಿಲ್ಲ. ಪಹಣಿಗೆ ಬಂದಿದ್ದ ರೈತರು ಏನೋ ಮದುವೆ ನಡೆಯುತ್ತಿದೆ ಎಂದುಕೊಂಡು ವರಾಂಡದಲ್ಲಿ ಸಾಲಾಗಿ ಕೂತರು. ತಹಸೀಲ್ದಾರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಮೂವರಿಂದಲೂ ಸತ್ಯವನ್ನೇ ಹೇಳುವುದಾಗಿ ಪ್ರಮಾಣ ಮಾಡಿಸಿ, ಮೊದಲು ನನ್ನ ಹೆಂಡತಿಯನ್ನು ಕೇಳಿದರು.

"ನಿಮ್ಮ ಹೆಸರು?"

"ರಾಜೇಶ್ವರಮ್ಮ."

"ಗಂಡನ ಹೆಸರು?"

ಅಯ್ಯಯ್ಯೋ! ಈ ಪ್ರಶ್ನೆ ಮೊದಲೇ ಬರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. 'ಅದಕ್ಕೆ ಬೇಡ, ಅದಕ್ಕೆ ಬೇಡ' ಎಂದು ನಾನು ಕೈಸನ್ನೆ ಮಾಡುವಷ್ಟರಲ್ಲಿ ಅವಳು ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ರಾಗವಾಗಿ ಹೇಳಿಯೇಬಿಟ್ಟಳು. 'ಪಂಚಾಕ್ಷರಪ್ಪ' ಎನ್ನುವಲ್ಲಿ ದನಿ ಸ್ವಲ್ಪ ನಡುಗಿತು. ರೈತರು 'ಭೇಷ್!' ಎಂದರು. ಮದುವೆಯಾದ ಮೇಲೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ನಾನೆಲ್ಲಿದ್ದೇನೆ ಎನ್ನುವುದೇ ಮರೆತುಹೋಗಿ, ಶಿರಸ್ತೇದಾರರ ಕೈ ಹಿಡಿದು ಕುಲುಕಿದೆ.

"ಸರಿ. ಈ ಗ್ಯಾಸಿನ ಹೆಸರು?"

"ಅದೇ ಪದ, ಇನ್ನೊಂದ್ಸಲ!" ಎಂದು ಪಿಸುಗುಟ್ಟಿದೆ.

"ಹೋಗ್ರೀ! ಒಡಪನ್ನ ಯಾರಾದ್ರೂ ಮೇಲಿಂದ ಮೇಲೆ ಹೇಳ್ತಾರಾ? ನೋಡೋರು ಏನಂದಾರು!" ಎಂದು ನನ್ನನ್ನು ಗದರಿಸಿ, ತಹಸೀಲ್ದಾರರ ಕಡೆ ತಿರುಗಿದಳು. "ಸತ್ಯ ಹೇಳ್ತೀನಿ ಅಂತ ಆಣೆ ಮಾಡೀನಿ ಸ್ವಾಮಿ, ಹೇಳ್ತೀನಿ. ಇವರ ಹೆಸರು ಹೇಳೋ ಹಾಗಿಲ್ವಲ್ಲ, ಅದಕ್ಕೆ ಮೊದಮೊದಲು 'ನಮ್ಮ ಗಿರಿಜಿ ಅಪ್ಪಾರ ಗ್ಯಾಸು' ಅಂತಿದ್ದೆ. ಬರಬರ್ತಾ ಅಷ್ಟುದ್ದ ಯಾರು ಹೇಳ್ತಾರೆ ಅಂತ 'ಗಿರಿಜಿ ಗ್ಯಾಸು' ಅಂತ ಆಯ್ತು. ಶಿಕಾರಿಪುರದಾಗೆ ಯಾರನ್ನ ಬೇಕಾದ್ರೂ ಕೇಳ್ರಿ."

"ಗಿರಿಜಿ ಗ್ಯಾಸು," ಎಂದರು ಅತ್ತೆ, ಬಾಗಿಲಿಂದಲೇ.

"ಗಿರಿಜಿ ಗ್ಯಾಸು," ಎಂದಳು ಲೋಕಮ್ಮ, ಈ ಸಲ ಗೋಡೆಯ ಕಡೆ ತಿರುಗದೆ.

ನಾನು ಅಲ್ಲೇ ಇದ್ದ ದಫ್ತರದ ಗಂಟಿನ ಮೇಲೆ ಕುಸಿದು ಕೂತೆ. ಆದರೆ ಪಕ್ಕದಲ್ಲೇ ನಿಂತಿದ್ದ ವಕೀಲ ಗಣಪಯ್ಯನವರು ಕುಣಿಯುವುದೊಂದು ಬಾಕಿ!

"ಮಾರಾಯ್ರೆ, ಇದಕ್ಕಿಂತ ಎಂತ ಬೇಕು? ಮೂರು ಜನ ಪ್ರಮಾಣ ಮಾಡಿ ಒಂದೇ ಹೆಸರು ಹೇಳಿದ್ದಾರೆ. ಇದೇ ನಿಜವಾದ ಮಾರ್ಕು! ಹೊಸ ಅರ್ಜಿ ಬರೀತೆ. ಹೆಸರು ಬಳಕೆಗೆ ತಂದವರು ಯಾರು?"

"ಅವಳು," ಎಂದೆ.

"ಮನೆ ಮನೆಗೆ ಹೇಳಿಕೊಟ್ಟವರು?"

"ಅವಳೇ."

"ಹಂಗಾದ್ರೆ ಅರ್ಜಿ ಅಮ್ಮನ ಹೆಸರಲ್ಲೇ ಇರಲಿ. ನಾಳೆ ಯಾರೂ ತಕರಾರು ತೆಗೆಯೂಕಾಗ."

ತಕರಾರು ತೆಗೆಯಬೇಕಾದವನು ನಾನೊಬ್ಬನೇ. ಆದರೆ ರಾಜೇಶ್ವರಮ್ಮ ಆಗಲೇ ರುಜು ಮಾಡಲು ಲೇಖನಿ ಹಿಡಿದು ಕೂತಿದ್ದಳು. ಅವಳ ಮುಖದಲ್ಲಿದ್ದ ಕಳೆ ನೋಡಿ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಆದರೂ ಕೊನೆಯ ಆಸೆಯೊಂದಿತ್ತು. ಗಣಪಯ್ಯನವರು ಹೊಸ ಚೀಟಿಯ ನಮೂನೆ ಬರೆಯುತ್ತಿದ್ದರು: ಗಿರಿಜಿ ಗ್ಯಾಸ್, ಮಾಲೀಕರು ಶ್ರೀಮತಿ ರಾಜೇಶ್ವರಮ್ಮ. ನಾನು ಅದರ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, 'ಪಂಚಾಕ್ಷರಪ್ಪನವರ ಧರ್ಮಪತ್ನಿ' ಎಂದು ನನ್ನ ಕೈಯಾರೆ ಸೇರಿಸಿದೆ.

"ಇದೇನ್ರೀ ಇದು?" ಅವಳು ಬೆಚ್ಚಿಬಿದ್ದಳು. "ಹಂಡೆ ಇರೋದು ನೆಲದ ಮೇಲೆ. ಕಸ ಹೊಡೆಯೋವಾಗ ಪೊರಕೆ ತಾಗ್ತೈತಿ, ಓಡಾಡೋವಾಗ ಕಾಲು ತಾಗ್ತೈತಿ. ನಿಮ್ಮ ಹೆಸರಿಗೆ ಕಾಲು ತಾಗಿಸಿ ನಾನ್ಯಾವ ನರಕಕ್ಕೆ ಹೋಗ್ಲಿ?"

"ಪರವಾಗಿಲ್ಲ, ತಾಗಲಿ ಬಿಡು! ನಾನೇ ಒಪ್ಪಿದ್ದೀನಲ್ಲ!"

"ನೀವು ಒಪ್ಪಿದ್ರೆ ಪಾಪ ಒಪ್ಪುತ್ತಾ?"

"ಮತ್ತೆ ಗಿರಿಜೆ? ಸಾಕ್ಷಾತ್ ಪಾರ್ವತಿ ಹೆಸರು! ಅದಕ್ಕೆ ಕಾಲು ತಾಗಬಹುದಾ?"

"ಅವಳು ತಾಯಿ. ಮಕ್ಕಳ ಕಾಲು ತಾಗಿದ್ರೆ ಕ್ಷಮಿಸ್ತಾಳೆ. ಗಂಡಂದಿರು ಎಲ್ಲಿ ಕ್ಷಮಿಸ್ತಾರೆ?"

ಅತ್ತೆಯವರು ಹೌದು ಹೌದು ಎಂದು ತಲೆಯಾಡಿಸಿದರು. ಗಣಪಯ್ಯನವರು ನನ್ನ ಮುಖವನ್ನೂ ಅವಳ ಮುಖವನ್ನೂ ನೋಡಿ, ನನ್ನ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಗೀಟು ಎಳೆದರು. ರಾಜೇಶ್ವರಮ್ಮ ಆ ಗೀಟು ಬಿದ್ದ ಜಾಗವನ್ನು ಮೆಲ್ಲಗೆ ಮುಟ್ಟಿ, ಬೆರಳನ್ನು ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡಳು.