ಮಾತು ಕೇಳುವ ಮಕ್ಕಳ ತೊಂದರೆ

ಮಕ್ಕಳು ಮಾತು ಕೇಳುವುದಿಲ್ಲ ಎಂದು ದೂರುವುದು ಹೆತ್ತವರಿಗೆ ಒಂದು ದೊಡ್ಡ ಸುಖ. ನಮ್ಮ ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಚಹಾದ ಜೊತೆ ಬಿಸ್ಕತ್ತು ಇಲ್ಲದ ದಿನವಾದರೂ ಉಂಟು, ಈ ದೂರು ಇಲ್ಲದ ದಿನವಿಲ್ಲ. ಗಣಿತದವರ ಮಗ ಅಪ್ಪನ ಇಕಾಮಾ ಕಾರ್ಡನ್ನು, ಅಂದರೆ ಈ ದೇಶದಲ್ಲಿರಲು ಕೊಟ್ಟ ಪರವಾನಗಿಯನ್ನೇ, ವಾಷಿಂಗ್ ಮಷಿನ್ನಿಗೆ ಹಾಕಿದ. ಹಿಂದಿಯವರ ಮಗಳು ಅನ್ನ ಬಿಟ್ಟು ಮೂರು ದಿನದಿಂದ ಚಿಪ್ಸಿನಲ್ಲೇ ಜೀವ ಹಿಡಿದಿದ್ದಾಳೆ. ಒಬ್ಬರನ್ನೊಬ್ಬರು ಮೀರಿಸುವಂತೆ ಹೇಳಿಕೊಂಡು, ಕೊನೆಗೆ ಉದ್ದದ ನಿಟ್ಟುಸಿರು ಬಿಟ್ಟು ಎಲ್ಲರೂ ತರಗತಿಗೆ ಹೋಗುತ್ತಾರೆ. ಆ ನಿಟ್ಟುಸಿರಿನೊಳಗೆ ಎಷ್ಟು ಹೆಮ್ಮೆ ಅಡಗಿದೆ ಎಂಬುದು ಅದನ್ನು ಬಿಡುವ ಯೋಗವಿಲ್ಲದ ನನಗೆ ಮಾತ್ರ ಗೊತ್ತಿತ್ತು. ನನ್ನ ಸರದಿ ಬಂದಾಗ ನಾನು ಕಪ್ಪಿನ ತಳ ನೋಡುತ್ತಿದ್ದೆ. ಏಕೆಂದರೆ ನನ್ನ ಇಬ್ಬರು ಗಂಡುಮಕ್ಕಳು ಮಾತು ಕೇಳುತ್ತಿದ್ದರು. ಹೇಳಿದ್ದನ್ನೆಲ್ಲ ಕೇಳುತ್ತಿದ್ದರು. ಇದನ್ನು ಬಾಯಿಬಿಟ್ಟು ಹೇಳಿದರೆ ಜಂಬ ಎನ್ನುತ್ತಾರೆ, ಹೇಳದಿದ್ದರೆ ಎದೆಯಲ್ಲಿ ಭಾರ.

ನಾನು ಪುತ್ತೂರು ಕಡೆಯ ಬ್ಯಾರಿ, ಹೆಸರು ಶರೀಫ್. ಅರಬ್ಬರ ನಾಡಿನ ಖಮೀಸ್ ಮುಶೈತ್‌ನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಹೆಂಡತಿ ಜೊಹರಾ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಇಲ್ಲಿಗೆ ಬರುವ ಮೊದಲು ನಾವಿಬ್ಬರೂ ಆರು ವರ್ಷ ಇಥಿಯೋಪಿಯಾದಲ್ಲಿ ಪಾಠ ಹೇಳುತ್ತಿದ್ದೆವು, ನಾನು ಭೌತಶಾಸ್ತ್ರ, ಅವಳು ನರ್ಸಿಂಗ್. ನಮಗೆ ಮಕ್ಕಳಾಗಿರಲಿಲ್ಲ. ಅಲ್ಲಿನ ಒಂದು ಅನಾಥಾಲಯದಲ್ಲಿದ್ದ ಅಣ್ಣತಮ್ಮಂದಿರನ್ನು, ಕೋರ್ಟಿಗೆ ಒಂದು ವರ್ಷ ಅಲೆದು, ದತ್ತು ತೆಗೆದುಕೊಂಡೆವು. ದೊಡ್ಡವನು ಕೆದಿರ್, ಈಗ ಎಂಟು ವರ್ಷ. ಚಿಕ್ಕವನು ತೆಮಾಮ್, ಆರು. ನಮ್ಮ ಧರ್ಮದ ಪ್ರಕಾರ ದತ್ತು ಮಕ್ಕಳಿಗೆ ಹುಟ್ಟಿಸಿದ ತಂದೆಯ ಹೆಸರೇ ಉಳಿಯಬೇಕು, ಹಾಗಾಗಿ ನನ್ನ ಹೆಸರು ಅವರ ಕಾರ್ಡಿನಲ್ಲಿ ಎಲ್ಲೂ ಬಾಲವಾಗಿ ಅಂಟಿಕೊಂಡಿಲ್ಲ. ಊರಿನಲ್ಲಿ ನನ್ನ ತಾಯಿ ಫೋನಿನಲ್ಲೇ ಒಬ್ಬನನ್ನು ಕಾದ್ರಿ ಎಂದೂ ಇನ್ನೊಬ್ಬನನ್ನು ತಮ್ಮ ಎಂದೂ ಕರೆದು ಐದು ನಿಮಿಷದಲ್ಲಿ ಒಳಗೆ ಹಾಕಿಕೊಂಡರು. ನೆಂಟರಿಗೆ ಸ್ವಲ್ಪ ಹೆಚ್ಚು ಸಮಯ ಹಿಡಿಯಿತು. ಪರದೇಶದಿಂದ ಬರುವವರು ಕಂಬಳಿ, ಅತ್ತರು, ಹಾಲಿನ ಪುಡಿ ತರುವುದು ನಮ್ಮಲ್ಲಿ ವಾಡಿಕೆ. ನಾವು ಮಕ್ಕಳನ್ನು ತಂದೆವು. "ಅಲ್ಲಿಂದಲೇ ಯಾಕೆ ತಂದದ್ದು, ಇಲ್ಲಿ ಸಿಕ್ತಿರ್ಲಿಲ್ವಾ?" ಎಂದು ಒಬ್ಬರು ದೊಡ್ಡಪ್ಪ, ನಾನು ಫ್ರಿಜ್ ಕೊಂಡಾಗ ಕೇಳಿದ ಧಾಟಿಯಲ್ಲೇ ಕೇಳಿದರು.

ಮಕ್ಕಳೆದುರು ಮನೆಯಲ್ಲಿ ಕನ್ನಡವೇ ಆಡಬೇಕು ಎಂದು ಕಾನೂನು ಮಾಡಿದವನು ನಾನು. ಅವರು ಎರಡು ವರ್ಷದಲ್ಲಿ ಕರಾವಳಿಯ ಕನ್ನಡವನ್ನು ಮೀನಿನ ಮುಳ್ಳಿನ ಸಮೇತ ಕಲಿತರು. ಶಾಲೆಯಲ್ಲಿ ನನ್ನನ್ನು ಸರ್ ಎಂದೇ ಕರೆಯಬೇಕು, ಬಾಪ ಎನ್ನಬಾರದು ಎಂದು ಇನ್ನೊಂದು ಕಾನೂನು ಮಾಡಿದ್ದೆ. ಅದನ್ನೂ ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ ಮನೆಗೆ ಬಂದ ಮೇಲೂ ಬಿಡಲಿಲ್ಲ. ಹಾಗಲಕಾಯಿ ಪಲ್ಯ ಬಡಿಸಿದರೆ ತಿಂದು, "ಇನ್ನೂ ತಿನ್ನಬೇಕಾ ಸರ್?" ಎಂದು ಕೇಳುತ್ತಿದ್ದರು. ಚಪ್ಪಲಿಗಳನ್ನು ಬಾಗಿಲ ಬಳಿ ಸೈನಿಕರಂತೆ ನಿಲ್ಲಿಸುತ್ತಿದ್ದರು. ಇದೆಲ್ಲ ನನ್ನ ಶಿಸ್ತಿನ ಫಲವೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ಬೀಗುವಿಕೆಗೆ ಸೂಜಿ ಚುಚ್ಚಿದವಳು ಜೊಹರಾ. ಒಂದು ಮಧ್ಯಾಹ್ನ ಅವಳು ನನ್ನನ್ನು ಮಕ್ಕಳ ಕೋಣೆಗೆ ಕರೆದು ಕಪಾಟು ತೆರೆದು ತೋರಿಸಿದಳು. ತೆಮಾಮನ ಖಾನೆ ಖಾಲಿ. ಅವನ ಬಟ್ಟೆಗಳೆಲ್ಲ ಮಡಿಸಿ, ಅವನು ಬಂದ ದಿನ ತಂದಿದ್ದ ಬ್ಯಾಗಿನಲ್ಲೇ ಇದ್ದವು. ಬ್ಯಾಗು ಮಂಚದ ಕೆಳಗಿತ್ತು, ಜಿಪ್ ಎಳೆದಿತ್ತು.

"ಇವರು ಒಳ್ಳೆ ಮಕ್ಕಳಲ್ಲ. ನೆಂಟರು," ಎಂದಳು ಅವಳು. "ನೆಂಟರ ಮನೆಯಲ್ಲಿ ಯಾರಾದ್ರೂ ಹಟ ಮಾಡ್ತಾರಾ?"

ಬೇರೆ ತಂದೆಯಾಗಿದ್ದರೆ ಮಂಚದ ಮೇಲೆ ಕುಳಿತು ಯೋಚಿಸುತ್ತಿದ್ದನೋ ಏನೋ. ನಾನು ಮೇಷ್ಟ್ರು, ಹಾಗಾಗಿ ಟೈಮ್‌ಟೇಬಲ್ ಬರೆದೆ. ಆಗಷ್ಟೇ ಶರದೃತು ಶುರುವಾಗಿತ್ತು. ನಮ್ಮ ಅಸೀರ್ ಬೆಟ್ಟಸೀಮೆಯಲ್ಲಿ ಅದು ಬಹಳ ಒಳ್ಳೆಯ ಕಾಲ. ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು ಬಂದ ರಿಯಾದ್, ಜಿದ್ದಾದವರೆಲ್ಲ ಶಾಲೆ ತೆರೆದ ಕೂಡಲೇ ಇಳಿದು ಹೋಗಿರುತ್ತಾರೆ. ಬೆಟ್ಟಗಳೂ ಉದ್ಯಾನಗಳೂ ನಮ್ಮಂಥವರಿಗೆ ಉಳಿಯುತ್ತವೆ. ಪ್ರತಿ ಶುಕ್ರವಾರ ಕುಟುಂಬ ಸಮೇತ ವಿಹಾರ ಎಂದು ಘೋಷಿಸಿದೆ. ಹತ್ತು ಗಂಟೆಗೆ ಓಟ, ಹನ್ನೊಂದಕ್ಕೆ ಹಣ್ಣು, ಹನ್ನೊಂದೂವರೆಗೆ ಮುಕ್ತ ಸಂತೋಷ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಮೊದಲ ಶುಕ್ರವಾರ ಪಕ್ಕದ ಅಭಾ ಊರಿನ ಅಣೆಕಟ್ಟಿನ ಬಳಿ ಹೋದೆವು. ಮಕ್ಕಳು ಹತ್ತಕ್ಕೆ ಓಡಿದರು, ಹನ್ನೊಂದಕ್ಕೆ ತಿಂದರು. ಹನ್ನೊಂದೂವರೆಗೆ ಚಾಪೆಯ ಮೇಲೆ ಕೈಕಟ್ಟಿ ಕುಳಿತರು. ನಾನು ಧೈರ್ಯಮಾಡಿ, "ಸ್ವಲ್ಪ ತುಂಟಾಟ ಮಾಡಿ ಮಕ್ಕಳೇ," ಎಂದೆ.

ಕೆದಿರ್ ಎದ್ದು ನಿಂತು ಕೇಳಿದ, "ಎಷ್ಟು ಹೊತ್ತು ಮಾಡ್ಬೇಕು ಸರ್?"

ಎರಡನೆಯ ಶುಕ್ರವಾರ ಸೌದಾ ಬೆಟ್ಟಕ್ಕೆ ನಮ್ಮೊಂದಿಗೆ ಇಕ್ಬಾಲ್ ಸಾಹೇಬರ ಸಂಸಾರವೂ ಬಂತು. ಅವರು ಭಟ್ಕಳದವರು, ಖಮೀಸಿನ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವರ ಮೂವರು ಮಕ್ಕಳು ಕಾರು ನಿಲ್ಲುವ ಮೊದಲೇ ಮೂರು ದಿಕ್ಕಿಗೆ ಇಳಿದು ಹೋದರು. ಸೌದಾ ಬೆಟ್ಟದ ಮಂಗಗಳು ಬಹಳ ಘನವಂತರು, ನಾಯಿಯಂಥ ಮೋರೆ, ಜಮೀನ್ದಾರರ ನಡಿಗೆ. ಅಂಥ ಒಂದು ಗಡವ ನಮ್ಮ ಚಾಪೆಯತ್ತ ಬಂದಾಗ ಇಕ್ಬಾಲ್ ಸಾಹೇಬರ ಮಕ್ಕಳು ಕಿರುಚಿ, ಚಪ್ಪಲಿ ಎಸೆದು, ಬೆಟ್ಟವನ್ನೇ ಎಬ್ಬಿಸಿದರು. ತೆಮಾಮ್ ಮಾತ್ರ ತನ್ನ ಬಾಳೆಹಣ್ಣನ್ನು ಎರಡೂ ಕೈಯಿಂದ ಅದಕ್ಕೆ ಕೊಟ್ಟು, ಸರಿದು ಕುಳಿತು, ಚಾಪೆಯ ಮೇಲೆ ಜಾಗ ಮಾಡಿಕೊಟ್ಟ. ಹಿರಿಯರು ಬಂದರೆ ಹಾಗೆ ಮಾಡಬೇಕೆಂದು ನಾನೇ ಕಲಿಸಿದ್ದೆ.

"ಎಂತ ಮಕ್ಕಳು ಮಾಷ್ಟ್ರೇ," ಎಂದರು ಇಕ್ಬಾಲ್ ಸಾಹೇಬರು, ಕಣ್ಣಲ್ಲಿ ನೀರು ತರುವುದೊಂದು ಬಾಕಿ. "ಒಂದು ವಾರ ನಮ್ಮ ಮನೆಗೆ ಕಳಿಸಿ ಮಾರಾಯ್ರೆ. ನಮ್ಮ ಶೈತಾನರು ನೋಡಿಯಾದ್ರೂ ಕಲೀಲಿ."

ಜೊಹರಾ ಥರ್ಮಾಸಿನ ಮುಚ್ಚಳ ತಿರುಗಿಸುತ್ತ ಕುಳಿತಿದ್ದಳು. ಮೂರನೆಯ ಶುಕ್ರವಾರವೂ ಹೀಗೇ ಹೋಯಿತು. ನಾಲ್ಕನೆಯದಕ್ಕೆ ನಾನು ಕಾರ್ಯಕ್ರಮವನ್ನು ದೊಡ್ಡದು ಮಾಡಿದೆ. ಬೆಳಿಗ್ಗೆ ಏಳಕ್ಕೆ ಹೊರಟು, ಜುಮಾ ನಮಾಜು ದಾರಿಯಲ್ಲಿ ಮುಗಿಸಿ, ಉತ್ತರದ ತನೂಮಾದ ಜಲಪಾತ ನೋಡಿ ಬರುವುದು. ಮಕ್ಕಳು ಆರೂವರೆಗೇ ಶೂ ಹಾಕಿ ಬಾಗಿಲಲ್ಲಿ ನಿಂತಿದ್ದರು. ಬರಬೇಕೆಂಬ ಆಸೆಯಿಂದಲ್ಲ, ಬರೆದಿತ್ತು ಎಂಬ ಕಾರಣಕ್ಕೆ.

ಬೆಟ್ಟದ ದಾರಿಯಲ್ಲಿ ಒಂದು ಚೆಕ್‌ಪೋಸ್ಟ್ ಬಂತು. ಗಡಿ ದಾಟಿ ಕದ್ದು ಬರುವವರಿಗಾಗಿ ಆ ಕಡೆ ಆಗಾಗ ತಪಾಸಣೆ ಇರುತ್ತದೆ. ಎಳೆಯ ಪೊಲೀಸನೊಬ್ಬ ಸಲಾಂ ಹೇಳಿ ನಮ್ಮ ಇಕಾಮಾ ಕಾರ್ಡುಗಳನ್ನು ತೆಗೆದುಕೊಂಡ. ನನ್ನ ಮುಖ ನೋಡಿದ, ಹಿಂದಿನ ಸೀಟಿನ ಎರಡು ಮುಖ ನೋಡಿದ, ಮತ್ತೆ ಕಾರ್ಡಿನ ಹೆಸರುಗಳನ್ನು ನೋಡಿದ. ಮುಖವೂ ಹೊಂದಲಿಲ್ಲ, ಹೆಸರೂ ಹೊಂದಲಿಲ್ಲ, ದೇಶವೂ ಹೊಂದಲಿಲ್ಲ. ಕೋರ್ಟಿನ ಕಾಗದ ಉಂಟಾ ಎಂದು ಕೇಳಿದ. ಉಂಟು, ಫೈಲಿನಲ್ಲಿ ಉಂಟು, ಫೈಲು ಮನೆಯಲ್ಲಿ ಉಂಟು.

ಅವನು ಕಿಟಕಿಗೆ ಬಗ್ಗಿ ತೆಮಾಮನನ್ನು ಮೃದುವಾಗಿ ಕೇಳಿದ, "ಮೀನ್ ಹಾದೀ?" ಇವಳು ಯಾರು ಎಂದು. ಅಷ್ಟು ಅರಬ್ಬಿ ಮಕ್ಕಳಿಗೆ ಆಟದ ಮೈದಾನದಲ್ಲೇ ಬಂದಿತ್ತು. ತೆಮಾಮ್ ಜೊಹರಾಳನ್ನು ನೋಡಿ ಒಂದು ಕ್ಷಣವೂ ತಡೆಯದೆ, "ಉಮ್ಮ," ಎಂದ. ಪೊಲೀಸ್ ತಲೆಯಾಡಿಸಿ ನನ್ನತ್ತ ಬೆರಳು ತೋರಿಸಿದ. "ಮೀನ್ ಹಾದಾ?"

ತೆಮಾಮ್ ಸಮವಸ್ತ್ರವನ್ನು ನೋಡಿದ. ಇದು ಮರ್ಯಾದೆಯ ಜಾಗ ಎಂದು ಅವನಿಗೆ ಅನ್ನಿಸಿರಬೇಕು. ಬೆನ್ನು ನೆಟ್ಟಗೆ ಮಾಡಿ, "ಸರ್," ಎಂದ.

ಪೊಲೀಸ್ ಹುಬ್ಬೇರಿಸಿದ. ತಮ್ಮನ ಉತ್ತರ ಅಪೂರ್ಣವಾಯಿತೆಂದು ಕೆದಿರ್ ನೆರವಿಗೆ ಬಂದ. "ಮಿಸ್ಟರ್ ಶರೀಫ್. ಫಿಸಿಕ್ಸ್."

ಕಾರನ್ನು ಬದಿಗೆ ನಿಲ್ಲಿಸಲು ಹೇಳಿದರು. ನಾನು ಇಳಿದು ನನ್ನ ಪುಸ್ತಕದ ಅರಬ್ಬಿಯಲ್ಲಿ ಪಿತೃತ್ವವನ್ನು ಸಾಧಿಸಿ ತೋರಿಸಲು ಹೊರಟೆ. ಹದಿನೈದು ನಿಮಿಷ ವಿವರಿಸಿದ ಮೇಲೆ ಅವನಿಗೆ ನಾನು ಯಾವುದೋ ಅನಾಥಾಲಯದ ಭೌತಶಾಸ್ತ್ರ ಇಲಾಖೆಯವನು ಎಂದು ಅರ್ಥವಾಯಿತು. ಅವನು ಸಭ್ಯ ಮನುಷ್ಯ, ಮೇಲಿನವರಿಗೆ ಫೋನು ಮಾಡಿ ಬಂದು ಒಂದು ದಾರಿ ಹೇಳಿದ. ತಾಯಿಯೂ ಮಕ್ಕಳೂ ಇಲ್ಲಿ ನೆರಳಲ್ಲಿ ಕುಳಿತಿರಲಿ, ಉಸ್ತಾದ್, ಅಂದರೆ ಮೇಷ್ಟ್ರು, ಹೋಗಿ ಕಾಗದ ತರಲಿ. ನ್ಯಾಯವಾಗಿಯೇ ಇತ್ತು. ಅಧಿಕಾರಿಗಳು ಹೇಳಿದ ಮಾತನ್ನು ನಾನು ಹುಟ್ಟಿದಾಗಿನಿಂದ ಮೀರಿದವನಲ್ಲ. ಮಕ್ಕಳನ್ನು ಕಾರಿನಿಂದ ಇಳಿಸಿ, "ಉಮ್ಮನೊಟ್ಟಿಗೆ ಇಲ್ಲೇ ಕೂತ್ಕೊಳ್ಳಿ. ನಾನು ಹೋಗಿ ಬರ್ತೇನೆ," ಎಂದೆ.

"ಇಲ್ಲ," ಎಂದ ತೆಮಾಮ್.

ಎರಡು ವರ್ಷದಲ್ಲಿ ಆ ಶಬ್ದವನ್ನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು ಮತ್ತೆ ಹೇಳಿದೆ. ಅವನು ನನ್ನ ಪ್ಯಾಂಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದ. "ಇಲ್ಲ. ಬರ್ತೇನೆ ಅಂತ ಹೇಳಿ ಹೋಗುದು. ಮತ್ತೆ ಬರುದಿಲ್ಲ." ಅವನಿಗೆ ಹಾಗೆ ಹೇಳಿ ಹೋದವರು ಯಾರು ಎಂಬುದು ನಮ್ಮ ಆ ಫೈಲಿನಲ್ಲಿಯೂ ಇಲ್ಲ. ನಾನು ಕೈ ಬಿಡಿಸಲು ನೋಡಿದೆ. ಅವನು ನನ್ನ ಹೆಬ್ಬೆರಳನ್ನು ಕಚ್ಚಿದ. ಚೆನ್ನಾಗಿಯೇ ಕಚ್ಚಿದ. ಮತ್ತೆ ರಸ್ತೆಯ ಮೇಲೆ ಕುಳಿತು, ಬೆಲ್ಟು ಬಿಡದೆ, ಬೆಟ್ಟದ ಆಚೆಗೂ ಕೇಳುವಂತೆ ಅತ್ತ. ತಮ್ಮನನ್ನು ಸಮಾಧಾನ ಮಾಡಬೇಕಾದ ಕೆದಿರ್ ನನ್ನ ಕಡೆಗೇ ತಿರುಗಿ ನಿಂತ. ಅವನ ಮೂಗಿನ ಹೊಳ್ಳೆಗಳು ಅರಳಿದ್ದವು.

"ಕಾಗದ ತರ್ಲಿಕ್ಕೆ ನೆನಪಿಲ್ಲ ನಿಮಗೆ," ಎಂದ. "ಟೈಮ್‌ಟೇಬಲ್ ತರ್ಲಿಕ್ಕೆ ನೆನಪುಂಟು. ನೀವು ಎಂತ ಬಾಪ ಮಾರಾಯ್ರೆ."

ನನ್ನ ಪ್ಯಾಂಟು ಜಾರುತ್ತಿತ್ತು, ಹೆಬ್ಬೆರಳಿನಲ್ಲಿ ಹಲ್ಲಿನ ಗುರುತು ಕೆಂಪಾಗಿತ್ತು, ಸಾಲಿನಲ್ಲಿ ನಿಂತ ಕಾರುಗಳವರೆಲ್ಲ ಕಿಟಕಿ ಇಳಿಸಿ ನೋಡುತ್ತಿದ್ದರು. ನಾಚಿಕೆಯಿಂದ ನೆಲಕ್ಕಿಳಿಯಬೇಕಾದ ಹೊತ್ತಿನಲ್ಲಿ ನನಗೆ ಎದೆ ತುಂಬಿ ಬಂತು. ಜೊಹರಾ ಮುಖ ತಿರುಗಿಸಿ ದುಪ್ಪಟ್ಟದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗುತ್ತಲೂ ಇದ್ದಳು ಎಂದು ನನ್ನ ಅನುಮಾನ.

ಪೊಲೀಸ್‌ಗೆ ಕನ್ನಡ ಬಾರದು. ಆದರೆ ಅವನು ನಾಲ್ಕೂ ಕಾರ್ಡುಗಳನ್ನು ನನ್ನ ಜೇಬಿಗೆ ತಾನೇ ಹಾಕಿದ, ಏಕೆಂದರೆ ನನ್ನ ಕೈ ಖಾಲಿ ಇರಲಿಲ್ಲ. "ನಾನು ಡ್ಯೂಟಿಗೆ ಹೊರಟಾಗ ನನ್ನ ಮಗನೂ ಬೂಟು ಹಿಡಿದು ಹೀಗೇ ಮಾಡುತ್ತಾನೆ," ಎಂದ ನಿಧಾನದ ಅರಬ್ಬಿಯಲ್ಲಿ. "ಆದರೆ ಕಚ್ಚುವುದಿಲ್ಲ. ಇನ್ನು ಮುಂದೆ ಕಾಗದ ಕಾರಿನಲ್ಲೇ ಇರಲಿ. ಯಲ್ಲಾ, ಹೋಗಿ."

ಜಲಪಾತ ಆ ದಿನ ನೋಡಲಾಗಲಿಲ್ಲ. ಸ್ವಲ್ಪ ಮುಂದೆ ರಸ್ತೆಬದಿಯ ಮರದ ಕೆಳಗೆ ಚಾಪೆ ಹಾಸಿದೆವು. ಜೊಹರಾ ಬೆಳಗಿನ ಜಾವ ಎದ್ದು ಮಾಡಿದ್ದ ನೈಪತ್ತಿರ್ ಎಂಬ ಕರಿದ ಅಕ್ಕಿರೊಟ್ಟಿಯನ್ನೂ ಕೋಳಿ ಸುಕ್ಕವನ್ನೂ ಬಿಚ್ಚಿದಳು. ತೆಮಾಮ್ ಇನ್ನೂ ಬಿಕ್ಕುತ್ತಲೇ ತಟ್ಟೆಯನ್ನು ದೂರ ತಳ್ಳಿ, "ಇದು ಬೇಡ. ನಂಗೆ ಅಂಗಡಿಯ ಬ್ರೋಸ್ಟೇ ಬೇಕು," ಎಂದ. ಜೊಹರಾ ಅವನನ್ನು ಎಳೆದು ಮಡಿಲಿಗೆ ಹಾಕಿಕೊಂಡು ಮುದ್ದಿಟ್ಟಳು. ನಾನು ಹತ್ತು ಮೈಲಿ ವಾಪಸು ಹೋಗಿ ಕರಿದ ಕೋಳಿ ತಂದೆ. ಒಬ್ಬನೇ ಅಲ್ಲ, ಅವನನ್ನೂ ಕರೆದುಕೊಂಡು.

ಇಲ್ಲಿಗೆ ಮುಗಿಸಿದ್ದರೆ ಕಥೆ ಚೆನ್ನಾಗಿತ್ತು. ಆದರೆ ಕಟ್ಟೆ ಒಡೆದ ಮೇಲೆ ನೀರಿಗೆ ಇಷ್ಟೇ ಹರಿ ಎಂದು ಹೇಳುವುದು ಹೇಗೆ? ಹಾಗಲಕಾಯಿ ನಮ್ಮ ಮನೆಯಿಂದ ಗಡೀಪಾರಾಯಿತು. ತೆಮಾಮನ ಬಟ್ಟೆಗಳು ಬ್ಯಾಗಿನಿಂದ ಹೊರಬಂದವು, ಆದರೆ ಕಪಾಟಿಗೆ ಹೋಗಲಿಲ್ಲ, ಸೋಫಾ, ಕುರ್ಚಿ ಮತ್ತು ಒಮ್ಮೆ ಫ್ಯಾನಿನ ಮೇಲೆ ನೆಲೆಸಿದವು. ಕೆದಿರ್ ನನ್ನ ಟೈಮ್‌ಟೇಬಲ್ಲಿಗೆ ನನ್ನದೇ ಕೆಂಪು ಪೆನ್ನಿನಿಂದ ಅಂಕ ಹಾಕಿದ, ಹತ್ತಕ್ಕೆ ಎರಡು. ಇಕ್ಬಾಲ್ ಸಾಹೇಬರ ಮನೆಗೆ ಒಂದು ಸಂಜೆ ಹೋಗಿ ಬಂದ ಮೇಲೆ ಅವರು, "ಮಾಷ್ಟ್ರೇ, ಮಕ್ಕಳಿಗೆ ಪಾಠ ಜಾಸ್ತಿ ಇರ್ತದೆ, ಪಾಪ, ಮನೆಯಲ್ಲೇ ಇರ್ಲಿ," ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಅಧ್ಯಾಪಕರ ಕೋಣೆಯಲ್ಲಿ ನಾನೂ ದೂರಲು ಆರಂಭಿಸಿದೆ. ಮೊದಲ ದಿನ ಎಲ್ಲರೂ ಕುತೂಹಲದಿಂದ ಕೇಳಿದರು. ಈಗ ನಾನು ಬಾಯಿ ತೆರೆದರೆ ಗಣಿತದವರು ಗಡಿಯಾರ ನೋಡುತ್ತಾರೆ.

ಕಳೆದ ಶುಕ್ರವಾರ ಹವೆ ಬಹಳ ಚೆನ್ನಾಗಿತ್ತು. ನಾನು ಫೈಲು, ಚಾಪೆ, ಥರ್ಮಾಸು ಎಲ್ಲ ಕಾರಿಗೆ ಹಾಕಿ ಮೇಲೆ ಬಂದು ನೋಡಿದರೆ ಒಬ್ಬನೂ ಶೂ ಹಾಕಿಲ್ಲ. ಇಬ್ಬರೂ ಟಿವಿಯ ಮುಂದೆ ಮಲಗಿದ್ದಾರೆ. ಜೊಹರಾ ತನಗೆ ರಾತ್ರಿ ಡ್ಯೂಟಿ ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ನನಗೆ ತಡೆಯಲಾಗಲಿಲ್ಲ. ಟಿವಿಗೆ ಅಡ್ಡ ನಿಂತು, ತರಗತಿಯ ಸ್ವರದಲ್ಲಿ, "ಏಳಿ. ನಾನು ನಿಮ್ಮ ಬಾಪ ಹೇಳ್ತಾ ಇದ್ದೇನೆ," ಎಂದೆ.

ತೆಮಾಮ್ ದಿಂಬಿನಿಂದ ತಲೆ ಎತ್ತಲಿಲ್ಲ. "ಗೊತ್ತುಂಟು ಬಾಪ," ಎಂದ. "ಸ್ವಲ್ಪ ಬದಿಗೆ ಹೋಗಿ, ಎಂತ ಸಹ ಕಾಣುದಿಲ್ಲ."

ನಾನು ಬದಿಗೆ ಹೋದೆ.