ಮಾವ ಕಣ್ಣು ಕೊಟ್ಟು ನೋಡಿದ ಮೂರು ಕಾಲೇಜು

ನಮ್ಮ ಮಾವ ಒಂದು ಕಡೆ ಐದು ನಿಮಿಷ ಸುಮ್ಮನೆ ಕೂತಿದ್ದನ್ನು ನೋಡಿದ್ದೇವೆ ಎನ್ನುವವರು ಯಾರಾದರೂ ಇದ್ದರೆ, ಅವರು ನೋಡಿದ್ದು ಖಂಡಿತ ಬೇರೆ ಯಾರನ್ನೋ! ತಮಾಷೆಯೆಂದರೆ ಅವನ ಕಸುಬು ಟೈಲರಿಂಗ್. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ, ಒಂದು ಮೆಷಿನ್ನು ಒಂದು ಸ್ಟೂಲು ಹಿಡಿಸುವಷ್ಟು ಅಂಗಡಿ. ಒಂದು ತೋಳು ಹೊಲಿದು ಎದ್ದು ರಸ್ತೆಯ ತುದಿಯವರೆಗೆ ಹೋಗಿಬರುತ್ತಿದ್ದ. ಇನ್ನೊಂದು ತೋಳು ಹೊಲಿದು ಕಾಫಿಗೆ ಹೋಗುತ್ತಿದ್ದ. ಶರ್ಟಿಗೆ ಮೂರನೆಯ ತೋಳೇನಾದರೂ ಇದ್ದಿದ್ದರೆ ಮೈಸೂರಿಗೇ ಹೋಗಿಬರುತ್ತಿದ್ದನೋ ಏನೋ!

ಬಸ್ಸು ಸಿಗ್ನಲ್ಲಿನಲ್ಲಿ ನಿಂತರೆ ಇಳಿದು ನಡೆದುಬಿಡುತ್ತಿದ್ದ. "ಅದು ನಿಂತ್ರೆ ನಾನೂ ನಿಂತ್ಕೋಬೇಕಾ?" ಮುಂದಿನ ಸ್ಟಾಪಿನಲ್ಲಿ ಅದೇ ಬಸ್ಸಿಗೆ ಏದುಸಿರು ಬಿಡುತ್ತಾ ಹತ್ತುತ್ತಿದ್ದ. ಕಂಡಕ್ಟರ್ ಮತ್ತೆ ಟಿಕೆಟ್ ಕೇಳಿದರೆ ಜಗಳ ಬೇರೆ.

ನನ್ನ ಕಾಲೇಜನ್ನು ಆರಿಸುವ ಕೆಲಸ ಇಂಥವನ ಪಾಲಿಗೆ ಬಂತು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಗವಿಪುರದ ತನ್ನ ಎರಡು ಕೋಣೆಗೆ ಕರೆತಂದವನು ಅಮ್ಮನ ಈ ತಮ್ಮನೇ. ನಮ್ಮ ವಂಶದಲ್ಲಿ ಪಿಯುಸಿ ಮುಗಿಸಿದವಳು ನಾನೇ ಮೊದಲು, ಆಮೇಲೆ ಡಿಗ್ರಿ ತಂದವಳೂ ನಾನೇ. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಪುಕ್ಕಟೆ ಬಂದದ್ದಲ್ಲ ಅದು. ಡಾಕ್ಟರಾಗುವಷ್ಟು ಅಂಕ ಬಂದಿರಲಿಲ್ಲ. ಕಣ್ಣು ಪರೀಕ್ಷೆ ಮಾಡುವ ಆಪ್ಟೋಮೆಟ್ರಿ ಎಂಬ ಕೋರ್ಸಿದೆ, ಕೈಗೆ ಬೇಗ ಕೆಲಸ ಸಿಗುತ್ತದೆ ಎಂದು ನಮ್ಮ ಲೆಕ್ಚರರ್ ಹೇಳಿದ್ದರು.

"ಕನ್ನಡಕದ ನಂಬರ್ ಹೇಳಕ್ಕೆ ಅಷ್ಟು ವರ್ಷ ಓದ್ಬೇಕೇನೋ?" ಅಂದಳು ಅಮ್ಮ.

"ಪ್ಯಾಂಟ್ ಹೊಲಿಯಕ್ಕೆ ನಾನು ಆರು ವರ್ಷ ಕಲ್ತಿಲ್ವೇನಕ್ಕ? ಕಣ್ಣೇನು ಪ್ಯಾಂಟಿಗಿಂತ ಕಮ್ಮಿನಾ?" ಅಂದ ಮಾವ. ಚರ್ಚೆ ಮುಗಿಯಿತು.

ಆದರೆ ಕಾಲೇಜು ಯಾವುದು? ವಿಚಾರಿಸಿದ್ದು ಮೂರು. ಅರ್ಜಿಯ ಜೊತೆಗೇ ಅಸಲು ಮಾರ್ಕ್ಸ್ ಕಾರ್ಡ್ ಕೊಡಬೇಕಿತ್ತು. ನನ್ನ ಹತ್ತಿರ ಇದ್ದದ್ದು ಒಂದೇ ಕಾರ್ಡು, ಆದ್ದರಿಂದ ಒಂದೇ ಕಾಲೇಜು. ತಪ್ಪು ಕಡೆ ಕೊಟ್ಟರೆ ವರ್ಷವೇ ಹೋಯಿತು. ಇನ್ನೊಂದು ವರ್ಷ ಮನೆಯಲ್ಲಿ ಕೂತರೆ ಅಮ್ಮ ಗಂಡು ಹುಡುಕುತ್ತಾಳೆಂದು ನನಗೆ ಗೊತ್ತಿತ್ತು. ಕೊನೆಯ ದಿನಕ್ಕೆ ಉಳಿದದ್ದು ಒಂದೇ ವಾರ.

"ಟ್ರಯಲ್ ನೋಡ್ದೆ ನಾನು ಬಟ್ಟೆ ಕೊಡಲ್ಲ ಪುಟ್ಟಿ. ಕಾಲೇಜೂ ಅಷ್ಟೇ," ಅಂದ ಮಾವ. ಅವನ ಉಪಾಯ ಹೀಗಿತ್ತು: ಮೂರೂ ಕಾಲೇಜುಗಳಿಗೆ ಸೇರಿದಂತೆ ಕಣ್ಣಿನ ಆಸ್ಪತ್ರೆಗಳಿದ್ದವು, ಅಲ್ಲಿ ಪರೀಕ್ಷೆ ಮಾಡುವವರು ಹಿರಿಯ ವಿದ್ಯಾರ್ಥಿಗಳು. ಮಾವ ರೋಗಿಯಾಗಿ ಹೋಗಿ ತನ್ನ ಕಣ್ಣನ್ನೇ ಒಡ್ಡುವುದು. ಅವನ ಕಣ್ಣಿನ ದೋಷವನ್ನು ಸರಿಯಾಗಿ ಹಿಡಿದ ಕಾಲೇಜಿಗೆ ನನ್ನ ಮಾರ್ಕ್ಸ್ ಕಾರ್ಡು!

ಮೊದಲನೆಯದು ಮಲ್ಲೇಶ್ವರದಿಂದಾಚೆ. ಸರತಿಯಲ್ಲಿ ಎಲ್ಲರೂ ಬೆಂಚಿನ ಮೇಲೆ; ನಮ್ಮವನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ನರ್ಸ್ ಮೂರು ಸಲ ಗದರಿದಳು. ಅವನ ಸರದಿ ಬಂತು.

"ಯಜಮಾನ್ರೆ, ಇಂಗ್ಲಿಷ್ ಅಕ್ಷರ ಇಡ್ಲಾ, ಕನ್ನಡ ಇಡ್ಲಾ?" ಅಂದ ವಿದ್ಯಾರ್ಥಿ.

"ಇಂಗ್ಲಿಷೇ ಇಡಪ್ಪ!"

ನನಗೆ ಜೀವ ಬಾಯಿಗೆ ಬಂತು. ಮಾವ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಳತೆಯ ಅಂಕಿಗಳು ಬರುತ್ತಿದ್ದವು, ತನ್ನ ಹೆಸರು ಗೀಚಲು ಬರುತ್ತಿತ್ತು, ಅಲ್ಲಿಗೆ ಮುಗಿಯಿತು. ಅಂಗಡಿಯ ರಸೀದಿ ಪುಸ್ತಕದಲ್ಲಿ ಗಿರಾಕಿಗಳೇ ತಮ್ಮ ಹೆಸರು ಬರೆದು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಅಂಥ ಮಾವ ಮೇಲಿನ ದೊಡ್ಡ ಅಕ್ಷರದಿಂದ ಇರುವೆಯಂಥ ಕೊನೆಯ ಸಾಲಿನವರೆಗೆ ಗಡಗಡನೆ ಹೇಳಿಬಿಟ್ಟ! ತನ್ನ ಮುಂದಿದ್ದ ಹದಿನಾಲ್ಕು ಜನ ಓದಿದ್ದನ್ನು ಬಾಗಿಲಲ್ಲಿ ನಿಂತು ಕೇಳಿಕೊಂಡಿದ್ದನಲ್ಲ! "ನಿಮ್ಮ ಕಣ್ಣು ಫಸ್ಟ್ ಕ್ಲಾಸ್" ಎಂದು ವಿದ್ಯಾರ್ಥಿ ಬರೆದುಕೊಟ್ಟ.

ಹೊರಗೆ ಬಂದದ್ದೇ ಮಾವ ಸಿಡಿದ. "ಈ ಕಾಲೇಜು ಬೇಡ ಪುಟ್ಟಿ. ಸೂಜಿಗೆ ದಾರ ಪೋಣಿಸಕ್ಕೆ ಪಕ್ಕದಂಗ್ಡಿಯವನನ್ನ ಕರೀತೀನಿ ನಾನು. ನನ್ನ ಕಣ್ಣು ಫಸ್ಟ್ ಕ್ಲಾಸಂತೆ!"

"ನೀನೇ ಬಾಯಿಪಾಠ ಒಪ್ಪಿಸಿದ್ರೆ ಅವನೇನು ಮಾಡ್ತಾನೆ ಮಾವ?"

"ಕಂಡುಹಿಡೀಬೇಕು! ಅದಕ್ಕೇ ಅಲ್ವಾ ಓದೋದು?"

ಅಬ್ಬಾ, ಎಂಥ ಪತ್ತೇದಾರ ಎಂದುಕೊಂಡೆ. ಎರಡನೆಯ ಕಾಲೇಜಿನ ಗೋಡೆಯ ಮೇಲೂ ಅದೇ ಅಕ್ಷರಗಳೇ ಇದ್ದವು. ಅಲ್ಲಂತೂ ವಿದ್ಯಾರ್ಥಿ ಸಾಲು ತೋರಿಸುವ ಮೊದಲೇ ಮಾವ ಹೇಳಿ ಮುಗಿಸಿದ್ದ. ಆ ಹುಡುಗ ಖುಷಿಯಾಗಿ ಕೈಕುಲುಕಿದ. ಆ ಕಾಲೇಜೂ ಬಿತ್ತು. ದಿನಗಳೂ ಬೀಳುತ್ತಿದ್ದವು. ರಾತ್ರಿ ನನಗೆ ನಿದ್ದೆಯಿಲ್ಲ, ಹಗಲು ಅವನಿಗೆ ಕೂರಲಿಕ್ಕಿಲ್ಲ.

ಮೂರನೆಯದಕ್ಕೆ ಹೋದದ್ದು ಅರ್ಜಿಯ ಕೊನೆಯ ದಿನ, ಮಾರ್ಕ್ಸ್ ಕಾರ್ಡನ್ನು ಎದೆಗವಚಿಕೊಂಡು. ಕನ್ನಡಕ ಹಾಕಿದ್ದ ಒಬ್ಬ ಸಣಕಲು ಹುಡುಗಿ ಮಾವನ ಕೈಗೆ ಒಂದು ಕಪ್ಪು ಬಿಲ್ಲೆ ಕೊಟ್ಟು, "ಇದ್ರಿಂದ ಬಲಗಣ್ಣು ಮುಚ್ಕೊಂಡು ಓದಿ ಅಂಕಲ್" ಅಂದಳು. ಮಾವ ಶುರುಮಾಡಿದ. ಒಂದು ಸಾಲು, ಎರಡು ಸಾಲು, ಐದು ಸಾಲು!

"ಅಂಕಲ್..."

"ತಡಿಯಮ್ಮ, ಇನ್ನೂ ಎರಡು ಸಾಲಿದೆ."

"ಅಂಕಲ್, ನೀವು ಎರಡೂ ಕಣ್ಣು ಮುಚ್ಕೊಂಡಿದೀರ!"

ಸರತಿಯಲ್ಲಿದ್ದವರೆಲ್ಲ ಗೊಳ್ಳೆಂದರು. ನಾನೂ ನಕ್ಕೆ. ಆ ಹುಡುಗಿ ನಗಲಿಲ್ಲ. ಅಕ್ಷರದ ಪಟ ತೆಗೆದು ಬೇರೆ ಪಟ ಹಾಕಿದಳು. ಅದರಲ್ಲಿ ಅಕ್ಷರಗಳಿರಲಿಲ್ಲ; ಮೂರು ಕಡ್ಡಿಯ ಬಾಚಣಿಗೆಯಂಥ ಒಂದೇ ಗುರುತು, ಒಮ್ಮೆ ಎಡಕ್ಕೆ ಒಮ್ಮೆ ಮೇಲಕ್ಕೆ ತಿರುಗಿತ್ತು. ಅವನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: "ಕಡ್ಡಿ ಯಾವ ಕಡೆ ಇದೆಯೋ ಕೈಯಲ್ಲಿ ತೋರ್ಸಿ, ಸಾಕು. ಕಾಣದಿದ್ರೆ ಕಾಣಲ್ಲ ಅನ್ನಿ. ಇಲ್ಲಿ ಯಾರೂ ಫೇಲಾಗಲ್ಲ ಅಂಕಲ್."

ಮಾವ ಎಡಗಣ್ಣಿನಲ್ಲಿ ಎರಡು ಸಾಲು ತೋರಿಸಿದ. ಕೈ ಕೆಳಗಿಳಿಯಿತು. "ಕಾಣಲ್ಲಮ್ಮ."

ಪೊರೆ ಬಂದಿರಬೇಕು, ಒಳಗೆ ಡಾಕ್ಟರು ನೋಡಬೇಕು ಎಂದಳು. ಪಾಪೆ ಅಗಲವಾಗಲು ಹನಿ ಹಾಕಿ, ಕಣ್ಣು ಮುಚ್ಚಿ ಅರ್ಧ ಗಂಟೆ ಕೂರಲು ಹೇಳಿದಳು. ಅರ್ಧ ಗಂಟೆ! ಮಾವ ಕೂತ. ನಿಜವಾಗಿ ಕೂತ. ಕಾಲು ಕೂಡ ಅಲ್ಲಾಡಿಸಲಿಲ್ಲ.

"ಸಿಕ್ಕಿಬಿದ್ಯಲ್ಲ ಮಾವ! ಸರಿಯಾದ ಪರೀಕ್ಷೆನೇ ಇಟ್ಟಿದ್ದೆ ಬಿಡು," ಅಂದೆ.

ಅವನು ಕಣ್ಣು ತೆರೆಯಲಿಲ್ಲ. "ಪರೀಕ್ಷೆ ಏನು ಬಂತು ಪುಟ್ಟಿ. ಜೊತೇಲಿ ಬಂದೋನಿಗೆ ಅಕ್ಷರಾನೇ ಬರಲ್ಲ ಅಂತ ಗೊತ್ತಾದ್ರೆ ನಿನಗೆ ಸೀಟ್ ಕೊಡ್ತಾರೋ ಇಲ್ವೋ ಅಂತ ಹೆದರ್ಕೆ. ಅದಕ್ಕೇ ಬಾಯಿಪಾಠ ಮಾಡ್ದೆ. ಇಲ್ಲೇ ಸೇರ್ಕೋ. ಈ ಹುಡುಗಿ ಥರ ನೋಡೋದು ಕಲಿಸ್ತಾರೆ," ಅಂದ.

ಡಾಕ್ಟರು ನೋಡಿ ಮುಗಿಸುವಷ್ಟರಲ್ಲಿ ಆಫೀಸು ಬಾಗಿಲು ಹಾಕುವ ಹೊತ್ತು. ಅರ್ಜಿಗೆ ಪೋಷಕರ ಸಹಿ ಬೇಕಿತ್ತು. ಹನಿಯ ದೆಸೆಯಿಂದ ಮಾವನಿಗೆ ಹತ್ತಿರದ್ದೆಲ್ಲ ಮಂಜು ಮಂಜು. ಅವನ ತೋರುಬೆರಳು ಹಿಡಿದು ಗೆರೆಯ ಮೇಲಿಟ್ಟೆ. ಅವನು ಉಸಿರು ಬಿಗಿಹಿಡಿದು, ಒಂದೊಂದು ಅಕ್ಷರಕ್ಕೂ ನಿಂತು ನಿಂತು ಬರೆದ. ಸಹಿ ಗೆರೆ ಬಿಟ್ಟು ಮೇಲೇರಿ, ಪಕ್ಕದಲ್ಲಿ ಅಂಟಿಸಿದ್ದ ನನ್ನ ಫೋಟೋದ ಮೇಲೆ, ಸರಿಯಾಗಿ ನನ್ನ ಹಣೆಯವರೆಗೂ ಹೋಗಿತ್ತು.

"ಗೆರೆ ಮೇಲೆ ಬಂತಾ ಪುಟ್ಟಿ?"

ಗುಮಾಸ್ತರು ನನ್ನ ಮುಖ ನೋಡಿದರು. ಅರ್ಜಿಗೆ ಸೀಲು ಒತ್ತಿದರು.

"ಬಂತು ಮಾವ," ಅಂದೆ. "ಸರಿಯಾಗಿ ಬಂತು."