ನಮ್ಮ ಗೋಡೆ ಸೀಳಿದ ಬೆಟ್ಟ ಮಹಾಶಯರಿಗೆ

ಯಾರ ನೆನಪಿಗೂ ಎಟುಕದ ಕಾಲದಿಂದ ಒಂದೇ ಜಾಗದಲ್ಲಿ, ಒಂದು ದಿನವೂ ರಜೆ ಹಾಕದೆ ನಿಂತಿರುವ ಮಾನ್ಯ ಬೆಟ್ಟ ಮಹಾಶಯರಿಗೆ, ತಮ್ಮ ಬುಡದ ಓಣಿಯ ಕೊನೆಯ ಮನೆಯಲ್ಲಿ ಬಟ್ಟೆ ಹೊಲಿಯುವವಳ ನಮಸ್ಕಾರಗಳು.

ಮಾನ್ಯರೇ, ಭೂಗರ್ಭಶಾಸ್ತ್ರ ಕಲಿಸುವ ನನ್ನ ನಾದಿನಿ ಹೇಳುವಂತೆ, ತಾವು ನೆಲದಾಳದಿಂದ ಇಡಿಯಾಗಿ ಮೇಲೆದ್ದ ಪುರಾತನ ಬಂಡೆ. ಸುತ್ತಲಿನ ತಗ್ಗನ್ನು ತುಂಬಿರುವುದೆಲ್ಲ ತಮ್ಮ ಮೈಯಿಂದಲೇ ಮಳೆ ಗಾಳಿಗಳು ಕೆರೆದು ಪದರಪದರವಾಗಿ ಹಾಸಿದ ಮರಳು, ಜೇಡಿ. ಹೊಳೆ ಕೂಡ ತಮ್ಮನ್ನು ಬಳಸಿಕೊಂಡೇ ಹೋಗಬೇಕು. ಇಂಥ ದಾನಶೂರರ ಮೇಲೆ ದೂರು ಬರೆಯಲು ಸಂಕೋಚವೇ. ಆದರೆ ನಮ್ಮ ಮಾವನವರು ತಿಳಿಯದೆ ಅರ್ಧ ಮನೆಯನ್ನು ತಮ್ಮ ಪಾದದ ಮೇಲೂ ಉಳಿದರ್ಧವನ್ನು ಆ ಹಾಸಿನ ಮೇಲೂ ಕಟ್ಟಿಬಿಟ್ಟರು. ಅವರು ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ಜಗಳವಾಡಿ ಸರಿಯಾಗಿ ನಡುವೆ ಗೋಡೆ ಎಬ್ಬಿಸಿದರು. ಬಂಡೆಯ ಪಾಲು ನನ್ನ ಗಂಡನಿಗೆ, ಮೆತ್ತನೆಯ ಪಾಲು ಭಾವನಿಗೆ. ನನಗೂ ಓರಗಿತ್ತಿ ಅಕ್ಕನಿಗೂ ಮಾತು ನಿಂತಿತು.

ತಾವು ಮಿಸುಕಲಿಲ್ಲ, ಅಕ್ಕನ ನೆಲ ಮಾತ್ರ ಕುಸಿಯುತ್ತಾ ಹೋಯಿತು. ಗೋಡೆಯಲ್ಲಿ ಮೊದಲು ದಾರದಂಥ ಬಿರುಕು, ಆಮೇಲೆ ನನ್ನ ಕತ್ತರಿ ತೂರುವಷ್ಟು. ಒಂದು ಮಧ್ಯಾಹ್ನ ಹೊಲಿಗೆ ನಿಲ್ಲಿಸಿದಾಗ ಆ ಕಡೆಯಿಂದ ಬಿಡದ ಕೆಮ್ಮು ಕೇಳಿತು. ತಡೆಯಲಾರದೆ ಬಿರುಕಿಗೆ ಬಾಯಿಟ್ಟು, "ಅಕ್ಕಾ, ಔಷಧಿ ತಗೊಂಡ್ರಾ?" ಎಂದೆ.

ಬಿರುಕಿನಿಂದಲೇ ಉತ್ತರ ಬಂತು: "ತಗೊಂಡೆ ಕಣೇ. ನಿನ್ನ ಮಷೀನ್ ಸದ್ದಿಲ್ದಿದ್ರೆ ನಂಗೆ ನಿದ್ದೇನೇ ಬರಲ್ಲ. ಯಾಕೆ ನಿಲ್ಸಿದೆ?"

ಅಳುತ್ತಲೇ ಮಷೀನ್ ತುಳಿದೆ, ಯಾರದೋ ಅಂಗಿಯ ತೋಳು ಒಳಹೊರಗಾಗಿ ಹೊಲಿದುಹೋಯಿತು. ಈ ನಷ್ಟಕ್ಕೂ ತಾವೇ ಹೊಣೆ.

ಆಮೇಲೆ ಬಿರುಕು ಮುಚ್ಚಲು ಬಂದ ಗಾರೆಯವನನ್ನು ನಾನು ಈ ಬಾಗಿಲಿಂದ, ಅಕ್ಕ ಆ ಬಾಗಿಲಿಂದ ಸಾಗಹಾಕಿದೆವು. ಕೊನೆಗೆ ಗೋಡೆ ವಾಲಿ, ಯಾರ ತಲೆಯ ಮೇಲಾದರೂ ಬೀಳುತ್ತದೆಂದು ನಾದಿನಿಯೇ ಅಣ್ಣಂದಿರನ್ನು ಗದರಿಸಿ ಅದನ್ನು ಕೆಡವಿಸಿದಳು. ಈಗ ಮನೆ ಮತ್ತೆ ಒಂದೇ, ನಡುವೆ ಒಂದು ಮೆಟ್ಟಿಲಷ್ಟು ಏರು. ಅಕ್ಕನಿಗೆ ಮಂಡಿನೋವು, ನನ್ನ ಕಡೆ ಬರುವಾಗಲೆಲ್ಲ "ಅಯ್ಯಮ್ಮಾ" ಎನ್ನುತ್ತಾರೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಒಂದೇ ಒಂದು ಮೆಟ್ಟಿಲಷ್ಟು ಕೆಳಗಿಳಿಯಬೇಕೆಂದು ಪ್ರಾರ್ಥನೆ.

ತಮ್ಮ ಪಾದದ ಮೇಲೆ ಒಲೆ ಹೂಡಿರುವ,
ತಮ್ಮ ವಿಶ್ವಾಸಿ,
ಓಣಿಯ ದರ್ಜಿ

ಮರೆತ ಮಾತು: ಅಣ್ಣತಮ್ಮಂದಿರು ಒಂದೇ ಕೋಣೆಯಲ್ಲಿ ಒಬ್ಬೊಬ್ಬರು ಒಂದೊಂದು ಕಿಟಕಿಗೆ ಮುಖ ಮಾಡಿ ಕೂರುತ್ತಾರೆ, ಇನ್ನೂ ಮಾತಿಲ್ಲ. ನಾದಿನಿಯ ಪ್ರಕಾರ, ನಮ್ಮ ಕಣ್ಣಿಗೆ ಕಾಣದಿದ್ದರೂ ತಾವು ಈ ವಯಸ್ಸಿನಲ್ಲೂ ವರ್ಷಕ್ಕೆ ಕೂದಲೆಳೆಯಷ್ಟಾದರೂ ಕದಲುತ್ತೀರಂತೆ. ಬಿಡುವಾದಾಗ ಬಂದು, ಅದು ಹೇಗೆಂದು ಇವರಿಬ್ಬರಿಗೂ ಸ್ವಲ್ಪ ಹೇಳಿಕೊಡಿ.